ರೇಸಾಗುವ ಗಡ್ಡಿ ಮಿಷನ್

—ಏರಿತು ನೋಡು, ಎಂಜಿನ್ನಿನ ಸದ್ದು ಮತ್ತೆ ಏರಿತು, ಕಾಲು ತಾಗಿಸಿಲ್ಲ, ಕೈ ತಾಗಿಸಿಲ್ಲ, ತನ್ನಷ್ಟಕ್ಕೆ ತಾನೇ ಗೊರ್ರೆಂದು ಆಕಾಶಕ್ಕೆ ಹೋಗಿ, ಅಲ್ಲಿ ಯಾರೂ ಇಲ್ಲವೆಂದು ಗೊತ್ತಾದವರ ಹಾಗೆ ಧೊಪ್ಪನೆ ಇಳಿದು, ಇನ್ನೇನು ಸತ್ತಿತು ಅನ್ನುವಷ್ಟರಲ್ಲಿ ಮತ್ತೆ ಏರಿತು, ಜೂರಾಲ ಡ್ಯಾಮಿನ ಅಷ್ಟೂ ಗೇಟು ಒಟ್ಟಿಗೆ ಎತ್ತಿದರೂ ಇಷ್ಟು ಸದ್ದಾಗುವುದಿಲ್ಲ, ಅಲಂಪುರದ ಪೂಜಾರಿಗಳು ಗಂಟೆ ಕೆಳಗಿಟ್ಟು ಕಿವಿ ಮುಚ್ಚಿಕೊಂಡಿರಬೇಕು ಅಂದುಕೊಂಡ ಅಂಜನಕುಮಾರ, ಗುರುಪ್ರಸಾದ ಸಾವ್ಕಾರರ ಫಂಕ್ಷನ್ ಹಾಲಿನ ಹಿಂದಿನ ಲಾನಿನಲ್ಲಿ ಮೊಣಕಾಲೂರಿ, ಕೆಂಪು ಗಡ್ಡಿ ಮಿಷನ್ನಿನ ಹೊಟ್ಟೆಗೆ ಕಿವಿ ಕೊಟ್ಟು. ಊರವರ ಬಾಯಲ್ಲಿ ಗಡ್ಡಿ ಮಿಷನ್, ಅಂದರೆ ಮೇಲೆ ಕೂತು ಓಡಿಸುತ್ತ ಹುಲ್ಲು ಕೊಯ್ಯುವ ಗಿಡ್ಡ ಟ್ರ್ಯಾಕ್ಟರು, ಹೈದರಾಬಾದಿನ ಯಾವುದೋ ಕ್ಲಬ್ಬು ಹಳೆಯದಾಯಿತೆಂದು ಮಾರಿದ್ದು, ಗದ್ವಾಲಕ್ಕೆಲ್ಲ ಇದೊಂದೇ, ಗದ್ವಾಲವೇನು, ಕೃಷ್ಣೆಯ ಎರಡೂ ದಂಡೆಗೆ ಇದೊಂದೇ, ಇದನ್ನು ಓಡಿಸುವ ಗಂಡಸೂ ಇವನೊಬ್ಬನೇ, ಇವನು ಸೀಟಿನ ಮೇಲೆ ಕೂತು ಲಾನು ಸುತ್ತುವಾಗ ರಾಯಚೂರಿನ ಬಸ್ಸು ನಿಂತು ನೋಡಿ ಮುಂದೆ ಹೋಗುತ್ತಿತ್ತು, ಈಗ ನೋಡು, ಈಗ ಒಂದು ಬಾತುಕೋಳಿಯೂ ನಿಲ್ಲುವುದಿಲ್ಲ. ಪ್ಲಗ್ ಬದಲಿಸಿದ್ದಾಯಿತು, ಪೆಟ್ರೋಲು ಬಸಿದು ಹೊಸದು ಹಾಕಿದ್ದಾಯಿತು, ಫಿಲ್ಟರ್ ಒದರಿದರೆ ಒಂದು ಎಕರೆಗೆ ಸಾಲುವ ಮಣ್ಣು ಉದುರಿತು, ಕಾರ್ಬೊರೇಟರ್ ಬಿಚ್ಚಿ, ಹೆಂಡತಿ ಮಲ್ಲೇಶ್ವರಿ ಅಕ್ಕಿ ತೊಳೆಯುವುದಕ್ಕಿಂತ ಚೆನ್ನಾಗಿ ತೊಳೆದು, ತೂತು ತೂತಿಗೂ ಬಾಯಿಟ್ಟು ಊದಿ, ಪೆಟ್ರೋಲು ಕುಡಿದು, ಉಗಿದು, ಮತ್ತೆ ಕೂಡಿಸಿ ಚಾವಿ ತಿರುವಿದರೆ, ಮೊದಲಿಗಿಂತ ಹುರುಪಿನಿಂದ ಏರುತ್ತದೆ ಹಾಳಾದ್ದು! ನಾಳೆ ಇಲ್ಲಿ ಲಗ್ನ, ನಾರಾಯಣಪೇಟದ ಬೀಗರು, ಇವತ್ತು ಸಂಜೆ ಲಾನು ನೋಡಲು ಬರುತ್ತಾರೆ, ಹುಲ್ಲು ಮೊಣಕಾಲಿಗೆ ಬಂದಿದೆ, ಸಾವ್ಕಾರರು ಬೆಳಗ್ಗೆಯೇ ಹಲ್ಲುಕಡ್ಡಿ ಕಚ್ಚಿಕೊಂಡು ಹೇಳಿ ಹೋಗಿದ್ದಾರೆ, ಅಂಜನಾ, ಬೀಗರು ಬರೋದ್ರೊಳಗ ಹುಲ್ಲು ಇಳೀಬೇಕು, ಇಳೀಲಿಲ್ಲಂದ್ರ ನಿಮ್ಮ ಮಾವನ ಕುರಿ ಒಳಗ ಬಿಡ್ತೀನಿ, ಮಿಷನ್ ಗುಜರಿಗಿ, ನೀನು ಕುರಿ ಹಿಂದ, ತಿಳೀತಿಲ್ಲೋ? ತಿಳಿಯದೆ ಏನು, ಕುರಿಯ ಬಾಲ ನೋಡುತ್ತ ನಡೆಯುವುದು ಏನೆಂದು ಇವನಿಗಲ್ಲದೆ ಮತ್ತಾರಿಗೆ ತಿಳಿಯಬೇಕು, ಹುಟ್ಟಿದಾಗಿನಿಂದ ನೋಡಿದ್ದು ಅದೇ, ಸೂರ್ಯ ಹುಟ್ಟುವುದಕ್ಕಿಂತ ಮೊದಲು ಒಂದು ಬಾಲ, ಮುಳುಗಿದ ಮೇಲೂ ಒಂದು ಬಾಲ.

ಕುರಿಗಳು ಗೇಟಿನಾಚೆ ಬಂದು ನಿಂತೇಬಿಟ್ಟಿವೆ, ಯಾರು ಹೇಳಿಕಳಿಸಿದರೋ, ಅವುಗಳ ನಡುವೆ ಕೋಲಿನ ಮೇಲೆ ಗದ್ದವಿಟ್ಟು ಮಾವ ಆಶಪ್ಪ, ಹೆಂಡತಿಯ ಅಪ್ಪ, ಹೆಗಲ ಮೇಲೆ ಕಂಬಳಿ, ಮೀಸೆಯೊಳಗೆ ನಗೆ. ಏನಪಾ ಅಲ್ಲುಡುಗಾರು, ಅಳಿಯಾ, ನಿನ್ನ ಟಗರಿಗೆ ಹೊಟ್ಟಿ ಕಡೀತದೇನು, ಹಂಗ್ಯಾಕ ಒದರಾಕತ್ತೈತಿ? ಸುಮ್ಮನಿರು ಮಾವಾ, ಕಾರ್ಬೊರೇಟರ್ ಸೆಟ್ಟಿಂಗ್ ನಡದೈತಿ. ನಮ್ಮವಕ್ಕ ಸೆಟ್ಟಿಂಗ್ ಇಲ್ಲಪಾ, ಬಾಯಿ ಅದ, ಹೊಟ್ಟಿ ಅದ, ಬಿಟ್ರ ಮೇಯ್ತಾವ. ಮೊದಲು ಈ ಲಾನು ಅವುಗಳದೇ, ವರ್ಷಾನುಗಟ್ಟಲೆ ಮೇಯ್ದು ಚಾಪೆಯಂತೆ ಇಟ್ಟಿದ್ದವು, ಒಂದು ಲಗ್ನದಲ್ಲಿ ಮದುಮಗಳು ತನ್ನ ಹೊಸ ಗದ್ವಾಲ ಸೀರೆ ಸಮೇತ ಕುರಿಹಿಕ್ಕೆಯ ರಾಶಿಯ ಮೇಲೆ ಕೂತು, ಕೂತಷ್ಟೇ ಬೇಗ ಎದ್ದು, ಅವಳು ಕೂಗಿದ ಕೂಗಿಗೆ ವಾಲಗದವನ ಪೀಪಿ ಸೀಳಿತ್ತು, ಆಮೇಲೆಯೇ ಸಾವ್ಕಾರರು ಮಿಷನ್ ತರಿಸಿದ್ದು, ಆಗಲೇ ಬೀರಪ್ಪನ ಗುಡಿಯ ಕಟ್ಟೆಯಲ್ಲಿ ಹತ್ತೂರ ಕುರುಬರು ಕೂತಿರುವಾಗ ಅಂಜನಕುಮಾರ ಎದ್ದು ನಿಂತು, ಮಾವಾ, ನಿನ್ನ ಕುರಿ ತಿಂಗಳು ಮೇಯೋದನ್ನ ನನ್ನ ಮಿಷನ್ ಒಂದು ಬೀಡಿ ಆರೋದ್ರೊಳಗ ಮೇಯ್ತದ, ಹಿಕ್ಕಿನೂ ಹಾಕಂಗಿಲ್ಲ ಅಂದದ್ದು. ಅಂದದ್ದು ಅಂದಾಯಿತು, ಈಗ ಬೀಡಿಯ ಕಟ್ಟೇ ಆರಿಹೋಗಿದೆ, ಮತ್ತೆ ಏರಿತು, ಇಳಿಯಿತು—ಇಳಿಯುವಾಗ ಒಂದು ಸಣ್ಣ ತಡೆ ಇದೆಯಲ್ಲ, ಕೇಳು, ಏರುವುದು ಸಲೀಸು, ಇಳಿಯುವುದು ಎಡವಿ ಎಡವಿ, ಅಂದರೆ ಪೆಟ್ರೋಲಿನ ದೋಷವಲ್ಲ, ಯಾವುದೋ ಕೈ ಹಿಡಿಯುತ್ತಿದೆ, ಕಾರ್ಬೊರೇಟರಿನ ಬಗಲಲ್ಲಿ ಸೈಕಲ್ ಕಡ್ಡಿಯಷ್ಟು ತೆಳ್ಳಗಿನ ಕಡ್ಡಿ, ಗವರ್ನರ್ ಕಡ್ಡಿ, ಎಂಜಿನ್ ಜೋರಾದರೆ ಅದೇ ಹಿಂದೆ ಸರಿದು ವೇಗ ಇಳಿಸಬೇಕು, ಆದರೆ ಅದು ಸರಿಯುತ್ತದೆ, ಸಿಕ್ಕಿಕೊಳ್ಳುತ್ತದೆ, ನಡುಗುತ್ತದೆ, ಕಿತ್ತುಕೊಂಡು ಹಾರುತ್ತದೆ. ಅಲ್ಲಿ ಹಿಂದೆ, ಕಡ್ಡಿಗೂ ಪೆಟ್ರೋಲಿನ ಪೈಪಿಗೂ ನಡುವೆ, ಒಂದು ಸತ್ತ ಕಂಬಳಿಹುಳು. ಸಿಕ್ಕಿದ್ಯಾ ಮಗನ! ಗದ್ವಾಲವೇ ಕೇಳುವಂತೆ ನಕ್ಕು, ಬೆರಳಿಂದ ಒರೆಸಿದರೆ ಹುಲ್ಲಿನ ಪುಡಿ ಹೋಯಿತು, ಎಣ್ಣೆಯ ಜಿಡ್ಡು ಹೋಯಿತು, ಬೆರಳು ಹಳದಿಯಾಯಿತು, ಮೂಗಿಗೆ ಭಂಡಾರದ ವಾಸನೆ ಬಂತು, ಬೀರಪ್ಪನ ಅರಿಶಿನ, ಹುಳುವಲ್ಲ, ದಾರ, ಕರಿಕುರಿಯ ಉಣ್ಣೆಯ ದಾರ.

ನಗೆ ಎಲ್ಲಿ ಹೋಯಿತೋ. ಚಾವಿ ತಿರುವಿ ಆರಿಸಿದ. ಅತ್ತೆ ಪೆಂಟಮ್ಮ ಕಟ್ಟಿದ್ದು, ಮಿಷನ್ ಬಂದ ದಿನ, ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟವಳು ಬಗ್ಗಿ ಎಲ್ಲೋ ಕೈ ಹಾಕಿ ಬಾಯಲ್ಲಿ ಮಣಮಣ ಅನ್ನುತ್ತಿದ್ದಳು, ಇವನು ಸೀಟು ಒರೆಸುತ್ತ, ಫೋಟೊಕ್ಕೆ ಮೀಸೆ ತೀಡುತ್ತ, ಹೂಂ ಅತ್ತಿ, ಹೂಂ ಅತ್ತಿ ಅನ್ನುತ್ತಿದ್ದ, ನಿನ್ನ ಬಾಯೇ ನಿನಗ ದೃಷ್ಟಿ ಅಳಿಯಾ, ಊರ ಕಣ್ಣು ಬ್ಯಾರೆ ಬೇಕಿಲ್ಲ, ಒಂದ ಎಳಿ, ಎರಡ ತುಂಡು, ಒಂದು ಇದಕ್ಕ, ಒಂದು ಮಲ್ಲಿ ಕೈಗಿ, ಹೆರಿಗಿ ಆಗೋತನಕ ಎರಡೂ ಹರೀಬಾರದು. ಹೋದ ಬಸಿರು ಐದನೇ ತಿಂಗಳಿಗೇ ಜಾರಿತ್ತು. ಅದಕ್ಕೇ ಈ ದಾರ. ಈಗ ಎಂಟು ತುಂಬಿದೆ, ಮಲ್ಲೇಶ್ವರಿಯ ಕೈಕಾಲು ಊದಿವೆ, ಮಣಿಕಟ್ಟಿನಲ್ಲಿ ದಾರ ಹೂತುಹೋಗಿದೆ, ನಿನ್ನೆ ಊಟ ಬಡಿಸುವಾಗ ನೋಡಿದ, ಎರಡು ಕಡೆಯೂ ಚರ್ಮ ಉಬ್ಬಿ ನಡುವೆ ಕಪ್ಪು ಗೆರೆ, ಬಿಚ್ಚೇ ಅಂದ, ಸುಮ್ನಿರ್ರಿ ಅಂದಳು. ಮಾವಾ, ಬಾ ಇಲ್ಲಿ. ಆಶಪ್ಪ ನಗುತ್ತಲೇ ಬಂದ, ಬಗ್ಗಿದ, ಮತ್ತೆ ನಗಲಿಲ್ಲ, ದಾರ ಮುಟ್ಟಿ ಹಣೆಗೆ ಹಚ್ಚಿಕೊಂಡ, ನಿಮ್ಮತ್ತಿ ಗಂಟಪಾ ಇದು, ಕಟ್ಟಿದ ಕೈನ ಬಿಚ್ಚಬೇಕು, ನಾ ಒಲ್ಲೆ. ಅತ್ತೆ ಮಕ್ತಲ್‌ನಲ್ಲಿ, ಮಗಳ ಜೊತೆ ದವಾಖಾನೆಯ ಸಾಲಿನಲ್ಲಿ, ಫೋನು ಎತ್ತಿದಳು. ಅತ್ತಿ, ಇಲ್ಲಿ ದಾರ ಅಡ್ಡ ಬರಾಕತ್ತೈತಿ, ನಾಳಿ ಲಗ್ನ ಐತಿ. ಲಗ್ನ ಯಾರದರೆ ಆಗ್ಲಿ, ಕೂಸು ನಮ್ದು, ಕೂಸು ಹೊರಗ ಬರ್ಲಿ, ನಾನ ಬಂದು ಬಿಚ್ಚತೀನಿ. ಇಟ್ಟೇಬಿಟ್ಟಳು. ಬಿಚ್ಚಲು ಏನಿದೆ, ಗಂಟು ಕಲ್ಲಾಗಿದೆ, ಉಗುರು ಮುರಿಯಿತು, ಕೊಯ್ಯಬೇಕು ಅಷ್ಟೇ, ಒಂದು ಚೂರು ಉಣ್ಣೆ, ಟ್ರ್ಯಾಕ್ಟರಿನ ಚೈನು ಹಲ್ಲಲ್ಲಿ ಕಡಿದವನು ಇವನು, ಹುಲಿಯ ಮೀಸೆ ಕಿತ್ತವನು, ಪ್ಲಯರ್ ತೆಗೆದ, ಬಾಯಿ ಅಗಲಿಸಿ ದಾರದ ಎರಡೂ ಕಡೆ ಇಟ್ಟ, ದೇವರಿಗೇನು ಬೇರೆ ಕೆಲಸವಿಲ್ಲವೇ, ಎಂಟು ತಿಂಗಳ ಕೂಸಿಗೂ ಪೆಟ್ರೋಲಿನ ಪೈಪಿಗೂ ಏನು ನೆಂಟು, ಒತ್ತಿದರೆ ಮುಗಿಯಿತು, ಎಂಜಿನ್ ಹಸುಗೂಸಿನ ಹಾಗೆ ಮಲಗುತ್ತದೆ—ಹಸುಗೂಸು ಯಾಕೆ ಬಂತು ಬಾಯಿಗೆ. ಫಂಕ್ಷನ್ ಹಾಲಿನ ಮುಂದೆ ಕಾರಿನ ಬಾಗಿಲು ಬಡಿದ ಸದ್ದು, ಬೀಗರು, ಸಾವ್ಕಾರರ ಕೂಗು, ಅಂಜನಾ, ಆತೇನಲೇ? ಕೈ ಒತ್ತುವುದಿಲ್ಲ. ಆತೇನು ಅಂತ ಕೇಳಾಕತ್ತೀನಿ! ಇವನದೇ ಕೈ, ಇವನದೇ ಬೆರಳು, ಒತ್ತುವುದಿಲ್ಲ. ಬಿಡ್ರಿ ಆ ಕುರಿ ಒಳಗ ಅಂದರು ಸಾವ್ಕಾರರು, ಗೇಟು ಕಿರುಗುಟ್ಟಿತು, ಮಾವ ಹೋ ಅನ್ನಲೂ ಇಲ್ಲ, ತಾವೇ ನುಗ್ಗಿದವು, ಎಡಕ್ಕೆ ಬಲಕ್ಕೆ ಉಣ್ಣೆಯ ಬೆನ್ನು, ಹುಲ್ಲು ಹರಿಯುವ ಚರಚರ, ಒಂದು ಮೂತಿ ಇವನ ಮೊಣಕಾಲು ತಳ್ಳಿ ಅದರಡಿಯ ಹುಲ್ಲನ್ನೂ ಕಿತ್ತುಕೊಂಡಿತು, ಪ್ಲಯರಿನ ಬಾಯಿ ಹಾಗೇ ತೆರೆದಿದೆ, ಅದರ ನಡುವೆ ದಾರ, ದಾರವಲ್ಲ, ಊದಿದ ಮಣಿಕಟ್ಟು, ಎರಡು ಕಡೆ ಉಬ್ಬಿದ ಚರ್ಮ, ನಡುವೆ ಕಪ್ಪು ಗೆರೆ, ಕಪ್ಪು ಗೆರೆ,