ಗೇಟಿನ ಹೊರಗಿನ ಕುರ್ಚಿ

ಬೇರೆ ಕಡೆ ಜಾರಿಯಾದ ಹೊಸ ಬಾಡಿಗೆ ಕಾಯ್ದೆಯನ್ನು ದಾಂಡೇಲಿ, ಹಳಿಯಾಳಕ್ಕೂ ತರಬೇಕೋ ಬೇಡವೋ ಎಂದು ಕೇಳಲು ಸರ್ಕಾರದ ಅಧಿಕಾರಿಯೊಬ್ಬರು ಸಭೆ ಕರೆದಿದ್ದರು. ಬೇಡ ಎನ್ನಲು ಮನೆ ಮಾಲಕರೆಲ್ಲ ನನ್ನನ್ನೇ ಮುಂದೆ ಮಾಡಿದರು. ಈ ನಾಗಲಿಂಗಪ್ಪನ ಬಾಯಿ ಜೋರು ಅಂತ ಊರಿಗೇ ಗೊತ್ತು. ದಾಂಡೇಲಿಯ ಬಂಗೂರನಗರದ ಹಿಂದೆ, ನನ್ನ ಮನೆಯ ಗೇಟಿನೊಳಗೇ, ನನ್ನವು ಆರು ಬಾಡಿಗೆ ಖೋಲಿ ಇವೆ.

ಐದನೆಯ ಖೋಲಿಯಲ್ಲಿ ಹತ್ತೊಂಬತ್ತು ವರ್ಷ ಬಾಡಿಗೆಗೆ ಇದ್ದವನು ಕಾರ್ಖಾನೆಯ ಶಂಕ್ರಪ್ಪ. ಹೋದ ಮಳೆಗಾಲದಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಹೆಣ ತಂದಾಗ ನಾನು ಗೇಟಿಗೆ ಅಡ್ಡ ನಿಂತೆ.

"ಸತ್ತ ನಕ್ಷತ್ರ ಛಲೋ ಇಲ್ಲ. ಒಳಗ ತಂದ್ರ ಆರು ತಿಂಗಳ ಖೋಲಿಗೆ ಕೀಲಿ ಹಾಕಬೇಕಾಗತೈತಿ. ಹೊರಗ ಕೂಡಸ್ರಿ."

ಶರಣರಿಗೆ ಸೂತಕವಿಲ್ಲ ಎಂದು ಬಸವ ಜಯಂತಿಗೆ ಭಾಷಣ ಬಿಗಿಯುವುದೂ ಇದೇ ಬಾಯಿ. ಕುರ್ಚಿ ಮಾತ್ರ ನಾನೇ ಕೊಟ್ಟೆ. ಅಷ್ಟು ದೊಡ್ಡ ಮನಸ್ಸು ನನ್ನದು! ನಮ್ಮ ಪದ್ಧತಿಯಂತೆ ವಿಭೂತಿ ಹಚ್ಚಿ, ಅವನನ್ನು ಆ ಕುರ್ಚಿಯಲ್ಲಿ ರಸ್ತೆಯ ಮೇಲೇ ಕೂಡಿಸಿದರು. ಮುಖ ತನ್ನ ಖೋಲಿಯ ಕಡೆಗಿತ್ತು. ಮಳೆ ಹಿಡಿಯಿತು. ಹೆಂಡತಿ ಮುದಕವ್ವ ಛತ್ರಿ ಹಿಡಿದು ನಿಂತೇ ಇದ್ದಳು.

ಆ ಕುರ್ಚಿಯನ್ನು ಮುರಿದು ಗುಜರಿಗೆ ಹಾಕಿದೆ. ಆದರೂ ಅವನು ಎದ್ದು ಹೋಗಿಲ್ಲ. ಗೇಟು ತೆಗೆದಾಗಲೆಲ್ಲ ಅಲ್ಲೇ ಕೂತಿರುತ್ತಾನೆ, ಒಳಗೆ ಬಾ ಅನ್ನಲಿ ಎಂದು ಕಾಯುವವನ ಹಾಗೆ. ನನಗೆ ಹೆದರಿಕೆ. ಈಗ ಹಿತ್ತಲ ಬಾಗಿಲಿನಿಂದಲೇ ಓಡಾಡುತ್ತೇನೆ.

ಸಭೆಯಲ್ಲಿ ಒಂದು ಪಕ್ಷದವರು ಬೇಕು ಅಂದರು, ಇನ್ನೊಂದು ಪಕ್ಷದವರು ಬೇಡ ಅಂದರು. ವಕೀಲೆ ಐಶ್ವರ್ಯಾ ಎದ್ದು, "ಈ ಕಾಯ್ದೆ ಬಂದ್ರ, ಕರಾರು ಇರೂತನಕ ಖೋಲಿ ಬಾಡಿಗಿದಾರಂದು. ಅಲ್ಲೇ ಹುಟ್ಟಲಿ, ಸಾಯಲಿ, ಮಾಲಕರು ಅಡ್ಡ ಬರೂ ಹಂಗಿಲ್ಲ" ಅಂದಳು.

ನನ್ನ ಸರದಿ ಬಂತು. "ಇಂಥಾ ಕಾಯ್ದೆ ದೊಡ್ಡ ಶಹರಕ್ಕ ಇರಲಿ. ನಮ್ಮಲ್ಲಿ ಮಾಲಕರು, ಬಾಡಿಗಿದಾರರು ಅಣ್ಣತಮ್ಮರಂಗ ಅದೀವಿ."

ಹೇಳಿ ಮುಗಿಸುವಷ್ಟರಲ್ಲಿ ಮುಂದಿನ ಸಾಲಿನ ಖಾಲಿ ಕುರ್ಚಿಯಲ್ಲಿ ಶಂಕ್ರಪ್ಪ ಕೂತಿದ್ದ. ವಿಭೂತಿ ಮಳೆಗೆ ಕರಗಿ ಕೆನ್ನೆಗೆ ಇಳಿದಿತ್ತು.

"ಇದು ಖರೆ ಏನ್ರಿ?" ಎಂದು ಅಧಿಕಾರಿ ಹಿಂದೆ ಕೂತ ಬಾಡಿಗೆದಾರರನ್ನು ಕೇಳಿದರು. ಈಗಲೂ ಐದನೆಯ ಖೋಲಿಯಲ್ಲೇ ಇರುವ ಮುದಕವ್ವ ಎದ್ದಳು. ಇವತ್ತು ನನ್ನ ಮಾನ ಹೋಯಿತು ಅಂದುಕೊಂಡೆ. ಹೋದರೆ ಹೋಗಲಿ ಅಂತಲೂ ಅನ್ನಿಸಿತು.

"ಖರೆ ಐತ್ರಿ. ನಮ್ಮ ಮಾಲಕರು ಅಣ್ಣ ಇದ್ದಂಗ. ಕಾಯ್ದೆ ಬ್ಯಾಡ್ರಿ."

ಚಪ್ಪಾಳೆ ಬಿತ್ತು. ಮಾಲಕರೆಲ್ಲ ನನ್ನ ಬೆನ್ನು ತಟ್ಟಿದರು. ನಾನು ಅವರನ್ನು ಸರಿಸಿ ಹೊರಗೆ ಓಡಿ, ಮುದಕವ್ವನನ್ನು ಮೆಟ್ಟಿಲ ಹತ್ತಿರ ತಡೆದೆ.

"ಯಾಕವ್ವ ಹಂಗ ಹೇಳಿದಿ?"

ಅವಳು ನನ್ನ ಮುಖ ನೋಡಲಿಲ್ಲ.

"ನನಗೂ ವಯಸ್ಸಾತ್ರಿ, ಅಣ್ಣಾರ. ನಾ ಸತ್ತಾಗ, ನನ್ನನ್ನರ ಒಳಗ ಕೂಡಸ್ರಿ."