ಬುಧವಾರದ ವೈನ್

"ಬೇಡ ಅಣ್ಣಾ, ಮೇಜಿನ ಮೇಲಿರೋ ಹೂಜಿಯದ್ದೇ ಸಾಕು," ಎಂದು ದೆಲ್ಮೊ ಹೇಳುವಷ್ಟರಲ್ಲಿ ಇವಾಲ್ಡೊ ನೆಲಮಾಳಿಗೆಯ ಮೆಟ್ಟಿಲು ಅರ್ಧ ಇಳಿದಾಗಿತ್ತು. ಕೆಳಗಿನಿಂದ ಬಾಟಲಿಗಳನ್ನು ಎತ್ತಿ ಎತ್ತಿ ಇಡುವ ಸದ್ದು ಬಂತು. ಒಂದನ್ನು ಎತ್ತಿ ನೋಡಿ, ಬೇಡವೆಂದು ಇಟ್ಟು, ಇನ್ನೊಂದಕ್ಕೆ ಕೈಹಾಕುತ್ತಿದ್ದಾನೆಂದು ಸದ್ದಿನಲ್ಲೇ ತಿಳಿಯುತ್ತಿತ್ತು.

ದೆಲ್ಮೊಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಇದನ್ನು ತಪ್ಪಿಸಲೆಂದೇ ಅವನು ಬುಧವಾರ ನೋಡಿ ಬಂದಿದ್ದ. ಹಬ್ಬವಿಲ್ಲ, ಯಾವ ಸಂತರ ದಿನವೂ ಅಲ್ಲ, ಮನೆಯಲ್ಲಿ ಯಾರ ಹುಟ್ಟಿದ ದಿನವೂ ಅಲ್ಲ. ಜನವರಿ ತಿಂಗಳ ನಡುವಿನ ಒಂದು ಬರಡು ಬುಧವಾರ. ಮಂಜು ಕವಿದು ಎದುರಿನ ದಿಬ್ಬವೇ ಕಾಣುತ್ತಿರಲಿಲ್ಲ. ಇಂಥ ದಿನದಲ್ಲೂ ಬರೋಲೊದಂಥ ದುಬಾರಿ ವೈನ್ ತೆಗೆಯಲು ನೆಪ ಹುಡುಕುವ ಗಂಡಸು ಇಡೀ ಲಾಂಗೆ ಸೀಮೆಯ ದ್ರಾಕ್ಷಿ ದಿಬ್ಬಗಳಲ್ಲಿ ಇರಲಾರ ಎಂದು ಅವನು ಲೆಕ್ಕ ಹಾಕಿದ್ದ. ಆದರೆ ಇದ್ದ, ಇವನ ಸ್ವಂತ ಅಣ್ಣನೇ ಇದ್ದ.

ಆ ಮನೆಯಲ್ಲಿ ಅಪ್ಪನ ಕಾಲದಿಂದ ಒಂದು ರೀತಿ ನಡೆದುಬಂದಿತ್ತು. ದಿನದ ಊಟಕ್ಕೆ ದೊಲ್ಚೆತ್ತೊ ಎಂಬ ಸಾದಾ ವೈನ್. ಪೀಪಾಯಿಯಿಂದ ಹೂಜಿಗೆ, ಹೂಜಿಯಿಂದ ಅಡುಗೆಮನೆಯ ಗಿಡ್ಡ ಲೋಟಕ್ಕೆ. ಅದಕ್ಕೆ ಚೀಟಿಯಿಲ್ಲ, ಇಸವಿಯಿಲ್ಲ, ಅದನ್ನು ಹೊಗಳುವವರೂ ಇಲ್ಲ. ಬರೋಲೊ ನೆಂಟರಿಗೆ, ಪಾದ್ರಿಗೆ, ಮದುವೆಗೆ, ಮಣ್ಣು ಮಾಡಿ ಬಂದ ಮಧ್ಯಾಹ್ನದ ಊಟಕ್ಕೆ. "ದೊಲ್ಚೆತ್ತೊ ಕುಡಿಯೋನು ಮನೇಲಿರೋನು, ಬರೋಲೊ ಕುಡಿಯೋನು ಎದ್ದು ಹೋಗೋನು," ಎನ್ನುತ್ತಿದ್ದ ಅಪ್ಪ.

ದೆಲ್ಮೊ ಎದ್ದು ಹೋಗಿ ಹನ್ನೆರಡು ವರ್ಷವಾಗಿತ್ತು. ಅಪ್ಪ ನೆಟ್ಟ ದೊಲ್ಚೆತ್ತೊ ಬಳ್ಳಿ ಕಿತ್ತು ಬರೋಲೊದ ದ್ರಾಕ್ಷಿ ಹಾಕಬೇಕೆಂದು ಇವಾಲ್ಡೊ, ಕೂಡದೆಂದು ಇವನು. ಕೊಯ್ಲಿನ ನಡುವೆ, ಆಳುಗಳ ಎದುರಿಗೇ ಮಾತಿಗೆ ಮಾತು ಬೆಳೆಯಿತು. ಇವನು ತುಂಬಿದ ಬುಟ್ಟಿಯನ್ನು ಸಾಲಿನಲ್ಲೇ ಎಸೆದು ದಿಬ್ಬ ಇಳಿದ. ಪಟ್ಟಣಕ್ಕೆ ಹೋಗಿ ಬಿಸ್ಕತ್ತಿನ ಕಾರ್ಖಾನೆ ಸೇರಿಕೊಂಡ. ಅಣ್ಣ ಬಳ್ಳಿ ಕಿತ್ತ, ಮನೆಯ ಬಳಕೆಗೆಂದು ನಾಲ್ಕು ಸಾಲು ಉಳಿಸಿದ. ಆಮೇಲೆ ಕ್ರಿಸ್‌ಮಸ್ಸಿಗೆ, ಈಸ್ಟರಿಗೆ ಬಂದು ಹೋಗುವುದು ಶುರುವಾಯಿತು. ಜಗಳವೇನೂ ಇರಲಿಲ್ಲ. ಇದ್ದಿದ್ದರೆ ವಾಸಿಯಿತ್ತು ಎಂದು ದೆಲ್ಮೊಗೆ ಎಷ್ಟೋ ಸಲ ಅನ್ನಿಸಿತ್ತು.

ಈಗ ಕಾರ್ಖಾನೆಯವರು ಕೈಕುಲುಕಿ, ನಿವೃತ್ತಿಯ ಗಡಿಯಾರ ಕೊಟ್ಟು ಕಳಿಸಿದ್ದರು. ಬಾಡಿಗೆ ಮನೆಯಲ್ಲಿ ಒಬ್ಬನೇ ಗೋಡೆ ನೋಡುತ್ತ ಕೂತು ಮೂರು ವಾರವಾಗಿತ್ತು. ಇದು ಬಳ್ಳಿ ಸವರುವ ಕಾಲ. ಅಣ್ಣನಿಗೆ ಅರವತ್ತೇಳು ತುಂಬಿದೆ, ಮೊಣಕಾಲು ಕೈಕೊಟ್ಟಿದೆ. 'ನಾಳೆಯಿಂದ ನಾನೂ ತೋಟಕ್ಕೆ ಬರ್ತೀನಿ' ಎಂದು ಹೇಳಬೇಕು, ಅಷ್ಟೇ. ಆದರೆ ನೆಂಟನಾಗಿ ಕೂತವನ ಬಾಯಲ್ಲಿ ಆ ಮಾತು ಹೊರಡುವುದು ಹೇಗೆ? ಗಿಡ್ಡ ಲೋಟಕ್ಕೆ ತಾನೇ ದೊಲ್ಚೆತ್ತೊ ಬಗ್ಗಿಸಿಕೊಂಡು, ಬ್ರೆಡ್ಡು ಮುರಿಯುತ್ತ ಹೇಳಿದ್ದರೆ ಮನೆಯ ಮಾತಿನ ಹಾಗೆ ಬರುತ್ತಿತ್ತು.

ಇವಾಲ್ಡೊ ಏದುಸಿರು ಬಿಡುತ್ತ ಮೇಲೆ ಬಂದ. ಬಾಟಲಿಯ ಧೂಳನ್ನು ತೋಳಿನಿಂದ ಒರೆಸಿ, "ಹದಿನಾರನೇ ಇಸವೀದು. ಒಳ್ಳೇ ವರ್ಷ. ನಿನಗೇ ಅಂತ ತೆಗೆದೆ," ಎಂದ.

"ಯಾಕಣ್ಣಾ ಸುಮ್ಮನೆ. ಸೂಪಿಗೆ ಅದು ಹೊಂದಲ್ಲ."

"ಅದೂ ಹೌದು ಅನ್ನು," ಎಂದು ಇವಾಲ್ಡೊ ಹೆಂಡತಿಯ ಕಡೆ ತಿರುಗಿದ. "ಪಿಯೆರಾ, ಆ ಸೂಪು ತೆಗೆದಿಡು. ಕರುವಿನ ಮಾಂಸ ಇತ್ತಲ್ಲ, ಅದನ್ನ ಮಾಡು."

ದೆಲ್ಮೊ ತನ್ನ ನಾಲಿಗೆಯನ್ನೇ ಕಚ್ಚಿಕೊಂಡ. ಒಲೆಯ ಮೇಲೆ ಈರುಳ್ಳಿ ಆಲೂಗಡ್ಡೆಯ ಸೂಪು ಘಮಘಮ ಕುದಿಯುತ್ತಿತ್ತು, ಅಮ್ಮ ಮಾಡುತ್ತಿದ್ದದ್ದೇ. ಹನ್ನೆರಡು ವರ್ಷದಿಂದ ಅವನು ಅದರ ರುಚಿ ನೋಡಿರಲಿಲ್ಲ, ಹಬ್ಬದ ದಿನ ಯಾರೂ ಅದನ್ನು ಮಾಡುವುದಿಲ್ಲವಲ್ಲ. ಪಿಯೆರಾ ಪಾತ್ರೆ ಇಳಿಸಿದಳು. ಮೇಜಿನ ಹಳೆಯ ಪ್ಲಾಸ್ಟಿಕ್ ಹಾಸಿನ ಮೇಲೆ ಬಿಳಿ ಬಟ್ಟೆ ಬಂತು, ಅದರ ಮೇಲೆ ಉದ್ದ ಕಾಲಿನ ಗಾಜಿನ ಲೋಟಗಳು ಬಂದವು. ಹೂಜಿ ಕಿಟಕಿಯ ಕಟ್ಟೆಗೆ ಹೋಯಿತು. ದೆಲ್ಮೊ ಅದಕ್ಕೆ ಕೈ ಚಾಚಿದ; ಪಿಯೆರಾ ಇನ್ನೂ ಆಚೆಗೆ ಸರಿಸಿದಳು.

"ಬಿಡಪ್ಪ, ಅದು ನಮ್ಮ ದಿನದ್ದು."

'ನಮ್ಮ' ಎಂಬ ಮಾತು ಅವನನ್ನು ಚುಚ್ಚಿತು.

ಮಾಂಸ ಬೇಯಲು ಮುಕ್ಕಾಲು ಗಂಟೆ ಹಿಡಿಯಿತು. ಮೂವರಿಗೂ ಹೊಟ್ಟೆ ಚುರುಗುಟ್ಟುತ್ತಿದ್ದರೂ ಹಸಿವೆಂದು ಯಾರೂ ಹೇಳಲಿಲ್ಲ. ಇವಾಲ್ಡೊ ಬಿರಡೆ ಕಿತ್ತು, ಮೂಸಿ, ತಮ್ಮನ ಲೋಟಕ್ಕೆ ಮೊದಲು ಸುರಿದ. ವೈನ್ ಅದ್ಭುತವಾಗಿತ್ತು, ಅದೇ ಇನ್ನಷ್ಟು ಸಿಟ್ಟು ತರಿಸಿತು. ರಸ್ತೆಯ ಸ್ಥಿತಿ, ಹವೆ, ಊರಿನ ಹೊಸ ಪಾದ್ರಿ ಎಂದು ಮಾತು ಅಲ್ಲಲ್ಲೇ ಸುತ್ತಿತು. ಕೊನೆಗೆ ದೆಲ್ಮೊ ತಡೆಯಲಾರದೆ ಹಳೆಯ ಗಾಯಕ್ಕೇ ಕೈ ಹಾಕಿದ.

"ಅಪ್ಪನ ಬಳ್ಳಿ ಕಿತ್ತಿದ್ದು ತಪ್ಪು ಅಂತ ನಾನು ಈಗಲೂ ಹೇಳ್ತೀನಿ ಅಣ್ಣಾ."

ಒಮ್ಮೆ ಗುಡುಗಲಿ, ಮೇಜು ಕುಟ್ಟಲಿ ಎಂದು ಕಾದ.

"ಇರಬಹುದು," ಎಂದ ಇವಾಲ್ಡೊ. "ನೀನು ಹೇಳೋದ್ರಲ್ಲೂ ಅರ್ಥ ಇದೆ. ಇನ್ನೊಂದು ತುಂಡು ಹಾಕ್ಕೋ, ಸಂಕೋಚ ಮಾಡ್ಕೋಬೇಡ."

ದೆಲ್ಮೊಗೆ ಮೈಯೆಲ್ಲ ಉರಿದುಹೋಯಿತು. ಕೂಲಿಯವರೆದುರು ತನ್ನನ್ನು ಕತ್ತೆ ಎಂದು ಕರೆದ ಅಣ್ಣ ಇವನೇನಾ? ಕತ್ತೆ ಎನ್ನಿಸಿಕೊಂಡವನಿಗೆ ಆಗ ಕೊಟ್ಟಿಗೆಯಲ್ಲಾದರೂ ಒಂದು ಜಾಗವಿತ್ತು.

ಇವಾಲ್ಡೊ ಚೀಸು ತರಲು ಮತ್ತೆ ನೆಲಮಾಳಿಗೆಗೆ ಇಳಿದಾಗ ದೆಲ್ಮೊ ಅತ್ತಿಗೆಯ ಮೇಲೆ ಹರಿಹಾಯ್ದ.

"ಅತ್ತಿಗೆ, ನಾನೇನು ಬಿಷಪ್ಪಾ? ಹುಟ್ಟಿದ ಮನೇಲಿ ಒಂದು ಲೋಟ ದೊಲ್ಚೆತ್ತೊ ಕೇಳಿದ್ರೆ ಕೊಡೋಕ್ಕಾಗಲ್ವಾ ನಿಮಗೆ?"

ಪಿಯೆರಾ ತಟ್ಟೆ ಒರೆಸುತ್ತ ನಿಂತಿದ್ದವಳು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನೀನು ಬಂದಿದ್ದು ಹೇಗೆ ಮೊದ್ಲು ಅದನ್ನ ಹೇಳು. ಮುಂಬಾಗಿಲ ಗಂಟೆ ಒತ್ತಿದೆ. ಕೈಯಲ್ಲಿ ರಿಬ್ಬನ್ ಕಟ್ಟಿದ ಮಿಠಾಯಿ ಪೊಟ್ಟಣ. ಕತ್ತಿಗೆ ಟೈ ಬೇರೆ. ಆ ಗಂಟೆ ಕೇಳಿ ನಿಮ್ಮಣ್ಣ ಉಣ್ಣೋಕೆ ಕೂತೋನು ಎದ್ದು ಹೋಗಿ ಷರ್ಟು ಬದಲಾಯಿಸಿಕೊಂಡು ಬಂದ."

"ಕೈಬೀಸ್ಕೊಂಡು ಬರೋದಾ ಮತ್ತೆ?"

"ಮನೆಯೋರು ಇನ್ನು ಹೇಗೆ ಬರ್ತಾರೆ? ಹಿಂದಿನ ಬಾಗಿಲು ತೆಗೆದೇ ಇತ್ತು. ಯಾವತ್ತೂ ತೆಗೆದೇ ಇರತ್ತೆ. ಈ ಹನ್ನೆರಡು ವರ್ಷದಲ್ಲಿ ಒಂದು ಸಲನಾದ್ರೂ ಆ ಕಡೆಯಿಂದ ಬಂದಿದೀಯಾ? ಬರೋದು ನೆಂಟನ ಹಾಗೆ, ಆಮೇಲೆ ನೆಂಟನ ಹಾಗೆ ನೋಡಿದ್ರು ಅಂತ ಮುಖ ಊದಿಸ್ಕೊಳ್ಳೋದು. ಚೆನ್ನಾಗಿದೆ."

ದೆಲ್ಮೊ ಮೇಜಿನ ಕಡೆ ತಿರುಗಿದ. ಬೆಳಿಗ್ಗೆ ಮಿಠಾಯಿ ಅಂಗಡಿಯಲ್ಲಿ ಹತ್ತು ನಿಮಿಷ ನಿಂತು, ಅಣ್ಣನಿಗೆ ಹೇಜಲ್ ಬೀಜದ್ದು, ಅತ್ತಿಗೆಗೆ ಕೆನೆಯದ್ದು ಎಂದು ಒಂದೊಂದಾಗಿ ಆರಿಸಿದ್ದ. ಆ ಪೊಟ್ಟಣ ಈಗ ಬಿಳಿ ಬಟ್ಟೆಯ ನಡುವೆ ಬಿಚ್ಚದೆ ಕೂತಿತ್ತು. ಸಿಟ್ಟು ಅಣ್ಣನನ್ನು ಬಿಟ್ಟು ತನ್ನ ಮೇಲೇ ತಿರುಗಿತು, ಆದರೂ ಕಡಿಮೆಯಾಗಲಿಲ್ಲ.

ಹೇಳಬೇಕಾದ ಮಾತನ್ನು ಹೇಳದೆಯೇ ಎದ್ದ. ಇವಾಲ್ಡೊ ಕುಂಟುತ್ತ ಗೇಟಿನವರೆಗೂ ಬಂದು, ಉಳಿದರ್ಧ ಬಾಟಲಿಗೆ ಬಿರಡೆ ಒತ್ತಿ ಕಾಗದದಲ್ಲಿ ಸುತ್ತಿ ಕೈಗಿತ್ತ. "ರಾತ್ರಿ ಊಟಕ್ಕಾಗತ್ತೆ. ಬರ್ತಾ ಇರು." ದೆಲ್ಮೊ ಥ್ಯಾಂಕ್ಸ್ ಎಂದ. ಅಣ್ಣನಿಗೆ ಥ್ಯಾಂಕ್ಸ್! ದಿಬ್ಬ ಇಳಿಯುವವರೆಗೆ ಕಾರಿನಲ್ಲಿ ಒಬ್ಬನೇ ತನ್ನನ್ನು ಬಾಯಿಗೆ ಬಂದಂತೆ ಬೈದುಕೊಂಡ.

ಮರುದಿನ ಬೆಳಿಗ್ಗೆ ಅವನು ಕಾರನ್ನು ಕೆಳಗೆ ಚರ್ಚಿನ ಹತ್ತಿರವೇ ಬಿಟ್ಟ. ಕಾರ್ಖಾನೆಯ ಹಳೆಯ ಕೋಟು ಹಾಕಿಕೊಂಡು, ಹಳೆಯ ಕತ್ತರಿಯೊಂದನ್ನು ಜೇಬಿಗಿಳಿಸಿ, ಮನೆಯ ಕಡೆ ತಿರುಗಿಯೂ ನೋಡದೆ ತೋಟದ ಹಿಂದಿನ ಕಾಲುದಾರಿ ಹತ್ತಿದ. ಮಂಜಿನಲ್ಲಿ ಕತ್ತರಿಯ ಟಕ್ ಟಕ್ ಕೇಳುತ್ತಿತ್ತು. ದೊಲ್ಚೆತ್ತೊದ ಉಳಿದ ಆ ನಾಲ್ಕು ಸಾಲಿನಲ್ಲಿ ಇವಾಲ್ಡೊ ಬಗ್ಗಿ ನಿಂತಿದ್ದ. ಇವನನ್ನು ಕಂಡ, ಕೈ ಒಂದು ಕ್ಷಣ ನಿಂತಿತು, ಮತ್ತೆ ಶುರುವಾಯಿತು. ದೆಲ್ಮೊ ಕೊನೆಯ ಸಾಲಿನ ತುದಿಯಿಂದ ಆರಂಭಿಸಿದ. ಹೊರಗೆ ಹೋಗು ಎಂದರೆ ಹೋಗುವುದೇ, ಬೇರೆ ದಾರಿಯಿಲ್ಲ ಎಂದುಕೊಂಡು ಕತ್ತರಿಸುತ್ತ ಹೋದ.

ಒಂದು ಗಂಟೆಯ ಮೇಲೆ ಬೆನ್ನ ಹಿಂದೆ ಅಣ್ಣನ ಉಸಿರು ಕೇಳಿತು.

"ಏನೋ ಇದು? ಯಾವನೋ ಕಲಿಸಿದ್ದು ನಿಂಗೆ? ಒಂದೊಂದು ಬಳ್ಳಿಗೂ ಹತ್ತು ಚಿಗುರೋ ಕಣ್ಣು ಬಿಟ್ಟಿದೀಯಲ್ಲ. ಎಂಟಕ್ಕಿಂತ ಜಾಸ್ತಿ ಬಿಡಬೇಡ ಅಂತ ಅಪ್ಪ ಬಡ್ಕೊಂಡಿದ್ದು ಮರೆತೋಯ್ತಾ?"

"ಬಳ್ಳಿ ಗಟ್ಟಿಮುಟ್ಟಾಗಿದೆ, ತಡ್ಕೊಳತ್ತೆ."

"ತಡ್ಕೊಳತ್ತಂತೆ. ಬಿಸ್ಕತ್ತು ಬೇಯಿಸಿದ ಹಾಗಲ್ಲ ಇದು. ಕತ್ತೆಗೆ ಕತ್ತರಿ ಕೊಟ್ಟ ಹಾಗಾಯ್ತು. ಮೊದಲಿಂದ ಮಾಡ್ಕೊಂಡು ಬಾ, ಪೂರ್ತಿ ಸಾಲು."

ದೆಲ್ಮೊ ಮೊದಲಿನಿಂದ ಮಾಡಿಕೊಂಡು ಬಂದ. ಸೊಂಟ ಸೆಟೆಯಿತು, ಬೆರಳು ಮರಗಟ್ಟಿದವು, ಅಣ್ಣ ಇನ್ನೆರಡು ಸಲ ಬಂದು ಬೈದು ಹೋದ. ಎರಡನೇ ಸಲ ಅವನ ಕೈಯಿಂದ ಕತ್ತರಿ ಕಿತ್ತುಕೊಂಡು ಅಲಗು ನೋಡಿ, ಇದನ್ನು ಮಸೆಯುವ ಯೋಗ್ಯತೆಯೂ ಇಲ್ಲವೇ ಎಂದು ಕೇಳಿ, ತನ್ನದನ್ನು ಅವನ ಕೈಗೆ ತುರುಕಿದ.

ಚರ್ಚಿನಲ್ಲಿ ಹನ್ನೆರಡು ಹೊಡೆಯಿತು. ಅಲ್ಲಿದ್ದ ಒಂದೇ ಪೆಟ್ಟಿಗೆಯನ್ನು ಬೋರಲು ಹಾಕಿ ಇವಾಲ್ಡೊ ತಾನು ಕೂತ. ಚೀಲದಿಂದ ಬ್ರೆಡ್ಡು, ಒಂದು ತುಂಡು ಸಲಾಮಿ, ಚೀಟಿಯಿಲ್ಲದ ಒಂದು ಬಾಟಲಿ ತೆಗೆದ. ಬಾಟಲಿಯ ಬಾಯಿಗೆ ಕಾಗದ ಸುರುಳಿ ಮಾಡಿ ತುರುಕಿತ್ತು. ಅದನ್ನು ಕಿತ್ತು, ಎತ್ತಿ ಕುಡಿದು, ಮುಖ ಕಿವುಚಿದ.

"ಹುಳಿ ತಿರುಗಿದೆ," ಎಂದು ತನ್ನಷ್ಟಕ್ಕೇ ಗೊಣಗಿದ. ತೋಳಿನಿಂದ ಬಾಯಿ ಒರೆಸಿ, ಬಾಟಲಿಯನ್ನು ಮಣ್ಣಿನ ಮೇಲಿಟ್ಟು ಬ್ರೆಡ್ಡು ಕೊಯ್ಯತೊಡಗಿದ. ತಗೋ ಎನ್ನಲಿಲ್ಲ, ತಮ್ಮನ ಕಡೆ ನೋಡಲೂ ಇಲ್ಲ.

ದೆಲ್ಮೊ ಒದ್ದೆ ನೆಲದ ಮೇಲೆ ಕೂತು ಬಾಟಲಿ ಎತ್ತಿದ. ನಿಜಕ್ಕೂ ಹುಳಿಯಾಗಿತ್ತು, ಹಲ್ಲು ಜುಮ್ಮೆಂದಿತು. ಕಣ್ಣುಮುಚ್ಚಿ ನುಂಗಿ, ಇನ್ನೊಂದು ಗುಟುಕು ಕುಡಿದ, ಮತ್ತೊಂದು ಕುಡಿದ.

"ಪೂರ್ತಿ ನೀನೇ ಮುಗಿಸ್ಬೇಡ," ಎಂದ ಇವಾಲ್ಡೊ, ತಲೆಯೆತ್ತದೆ.

ದೆಲ್ಮೊ ಬಾಟಲಿಯನ್ನು ಇಬ್ಬರ ಕೈಗೂ ಎಟಕುವ ಕಡೆ ಇಟ್ಟ.