ಕಚ್ಚಿಗೆ ಅಂಟಿಸಿದ ಚೀಟಿ

೧೯೮೯ರ ಅಕ್ಟೋಬರ್ ಹನ್ನೆರಡು, ಗುರುವಾರ. ಮರುದಿನ ಶುಕ್ರವಾರ ಕಂಪ್ಯೂಟರುಗಳೊಳಗಿನ ಬರವಣಿಗೆಯನ್ನೆಲ್ಲ ವೈರಸ್ ಅಳಿಸಿಹಾಕುತ್ತದೆಂದು ಪತ್ರಿಕೆಯಲ್ಲಿ ಬಂದಿತ್ತು. ಖಾನಾಪುರದ ಶಿಕ್ಷಕಿ ಮಾಸೂಮಾ ಅದನ್ನು ಪೂರ್ತಿ ನಂಬಲಿಲ್ಲ, ತಳ್ಳಿಹಾಕಲೂ ಇಲ್ಲ. ಸುತ್ತಲಿನ ಬೀಡಿ, ಗುಂಜಿ ಊರುಗಳ ಮುದುಕಿಯರ ಬಾಯಿಂದ ಆರು ವರ್ಷ ಕೂಡಿಸಿದ ನಾಲ್ಕು ಸಾವಿರ ದಖನಿ ಶಬ್ದಗಳು ಅವಳ ಮನೆಯ ಕಂಪ್ಯೂಟರಿನಲ್ಲಿದ್ದವು. ಕಾಗದದ ಪ್ರತಿ ಗೆದ್ದಲ ಪಾಲಾಗಿತ್ತು. ಬೆಳಗಿನ ರೈಲಿಗೆ ಬೆಳಗಾವಿಗೆ ಬಂದಳು.

ದಿಗಂಬರನ ಅಂಗಡಿಯ ಕಂಪ್ಯೂಟರಿನ ನೆತ್ತಿಯ ಮೇಲೆ ಖಂಡೇನವಮಿಯ ಕುಂಕುಮ ಇನ್ನೂ ಮಾಸಿರಲಿಲ್ಲ. ವೈರಸ್ ಹಿಡಿಯುವ ಸಾಫ್ಟ್‌ವೇರ್ ಎರಡು ಬಗೆಯದಿತ್ತು: ಬಣ್ಣದ ಡಬ್ಬಿಯಲ್ಲಿ ವಿದೇಶಿಯದು, ಸಾದಾ ಲಕೋಟೆಯಲ್ಲಿ ಪುಣೆಯದು.

"ಫಾರಿನ್‌ದು ತಗೋರಿ ಬಾಯಾರ. ಈ ವಾರ ಹನ್ನೊಂದ ಮಂದಿಗಿ ಹಾಕಿ ತೋರ್ಸೇನಿ."

"ಹನ್ನೊಂದೂ ಮಂದಿ ಫ್ಲಾಪಿ ಇದ ಮಷಿನಿಗೇನ್ರಿ?"

"ಮತ್ತ? ಮೂಸಿ ನೋಡಿ ಹೇಳ್ಲೇನು?"

ಬೆಂಚಿನ ಮೇಲೆ ಸರದಿ ಕಾಯುತ್ತಿದ್ದ ಗುಮಾಸ್ತ ರಾಯಪ್ಪ ನಕ್ಕ.

ಮಾಸೂಮಾ ಮನೆಯ ಕಂಪ್ಯೂಟರಿನಲ್ಲಿ ಬಳಸುವ ತನ್ನ ಫ್ಲಾಪಿಯನ್ನು ಪರೀಕ್ಷಿಸಲು ಕೊಟ್ಟಳು. ಅದರ ಅಂಚಿನ ಚೌಕ ಕಚ್ಚಿಗೆ ಚೀಟಿ ಅಂಟಿಸಿದ್ದಳು. ಹಾಗೆ ಮುಚ್ಚಿದರೆ ಯಂತ್ರ ಫ್ಲಾಪಿಯನ್ನು ಓದಬಹುದು, ಅದರ ಮೇಲೆ ಏನೂ ಬರೆಯಲಾರದು.

"ಚೀಟಿ ಕೀಳ್ರಿ, ಇಲ್ಲಂದ್ರ ನಡಿಯೂದಿಲ್ಲ."

"ಓದಾಕ ಚೀಟಿ ಯಾಕ ಅಡ್ಡ ಬರತೈತ್ರಿ ಸಾವ್ಕಾರ್ರ? ಹಿಂಗ ಹಾಕ್ರಿ."

"ಸಾಲ್ಯಾಗ ಹುಡುಗ್ರಿಗಿ ಕಲಸ್ರಿ, ನನಗ ಬ್ಯಾಡ."

"ನಿಮಗ ಗೊತ್ತಿದ್ರ ನಾ ಯಾಕ ಕಲಸ್ಲಿ? ಹಾಕ್ರಿ ಮದಲ."

ದಿಗಂಬರ ಹಾಕಿ, ಯಂತ್ರದಿಂದ ಫೈಲುಗಳ ಪಟ್ಟಿಯನ್ನಷ್ಟೇ ಕೇಳಿದ. ಈ ಫ್ಲಾಪಿಯ ಮೇಲೆ ಬರೆಯಲು ಆಗುತ್ತಿಲ್ಲವೆಂದು ಪರದೆ ಹೇಳಿತು.

"ಬರಿ ಅಂತ ನೀವೂ ಹೇಳಿಲ್ಲ, ನಾನೂ ಹೇಳಿಲ್ಲ. ಬರ್ಯಾಕ ಹೊಂಟವ್ರು ಯಾರ್ರಿ?"

ದಿಗಂಬರ ಅಂಗಡಿಯ ಹೊಸ ಫ್ಲಾಪಿಯೊಂದಕ್ಕೆ ಚೀಟಿ ಅಂಟಿಸಿ ನೋಡಿದ. ಅದೇ ಮಾತು. ವೈರಸ್ ಈ ಯಂತ್ರದಲ್ಲೇ ಇತ್ತು. ಕಚ್ಚು ತೆರೆದೇ ಇದ್ದ ವಿದೇಶಿ ಫ್ಲಾಪಿಯೂ ವಾರವಿಡೀ ಇದರೊಳಗೇ ಓಡಿತ್ತು; ಅದಕ್ಕೂ, ಹನ್ನೊಂದು ಮಂದಿಯ ಫ್ಲಾಪಿಗಳಿಗೂ ವೈರಸ್ ಅಂಟಿರಬೇಕು.

ಮಾಸೂಮಾ ಸಾದಾ ಲಕೋಟೆ ಒಡೆದಳು. ಪುಣೆಯ ಫ್ಲಾಪಿಗೆ ಕಚ್ಚನ್ನೇ ಕತ್ತರಿಸಿರಲಿಲ್ಲ; ಯಾವ ಯಂತ್ರವೂ ಅದರ ಮೇಲೆ ಬರೆಯಲಾರದು.

"ಇದ ಕೊಡ್ರಿ. ವೈರಸ್ ಹಿಡಿತೈತೋ ಇಲ್ಲೋ ಮನ್ಯಾಗ ನೋಡತೀನಿ. ಹೊತ್ತು ತರೂದಂತೂ ಇಲ್ಲ."

ದಿಗಂಬರ ದನಿ ತಗ್ಗಿಸಿದ. "ಫುಕಟ್ ಒಯ್ರಿ ಬಾಯಾರ. ಹೊರಗ ಮಾತ್ರ ಹೇಳಬ್ಯಾಡ್ರಿ."

ಅವಳು ನೋಟುಗಳನ್ನು ಮೇಜಿನ ಮೇಲಿಟ್ಟು ಬೆಂಚಿನ ಕಡೆ ತಿರುಗಿದಳು.

"ಅಣ್ಣಾರ, ಫ್ಲಾಪಿ ಚೀಲದಾಗ ಇಟ್ಕೋರಿ. ಈ ಮಷಿನಿಗೇ ವೈರಸ್ ಹತ್ತೇತಿ."

"ಬಾಯಾರ!"

"ನನ್ನ ಆರು ವರ್ಷದ ಕೆಲಸ ಉಳಸ್ಕೊಳ್ಳಾಕ ಬಂದೀನಿ. ಆ ಹನ್ನೊಂದ ಮಂದಿದೂ ಏನರೆ ಕೆಲಸ ಇರತೈತಿ. ಅವರಿಗಿ ಇವತ್ತ ಹೇಳಬೇಕು, ನಾಳಿಗಂದ್ರ ತಡಾ ಆಗತೈತಿ." ಫೋನನ್ನು ಅವನ ಮುಂದೆ ಸರಿಸಿ, ಸ್ಟೂಲಿನ ಮೇಲೆ ಕುಳಿತಳು. "ನೀವ ಮಾಡತೀರೋ, ನಾ ಮಾಡ್ಲೋ?"